ಎಫ್‌ಆರ್ ವೈರೋ, ಎಚ್‌ಎಫ್‌ಎಫ್‌ಆರ್ ವೈರೋ: ಹುಬ್ಬಳ್ಳಿಯಲ್ಲಿ ಕೊಂಡು ಬಳಸಿದ ಮೇಲೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾವು ಕಟ್ಟಿಸುತ್ತಿರುವ ಮೂರು ಅಂತಸ್ತಿನ ಕಟ್ಟಡದ ಮೇಲಿನ ಎರಡು ಅಂತಸ್ತುಗಳಲ್ಲಿ ಕಾಲೇಜು ಹೆಣ್ಣುಮಕ್ಕಳ ಪಿ.ಜಿ. ನಡೆಯಲಿದೆ. ಇಳಿದು ಬರಲು ಇರುವುದು ಒಂದೇ ಮೆಟ್ಟಿಲು. ಆದ್ದರಿಂದ ವಿದ್ಯುತ್ ವೈರನ್ನು ಕೇವಲ ದರ ನೋಡಿ ಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಕೊಪ್ಪೀಕರ್ ರಸ್ತೆಯ ಸುತ್ತಲಿನ ಮೂರು ಅಂಗಡಿಗಳಲ್ಲಿ ವಿಚಾರಿಸಿದೆ. “ಎಫ್‌ಆರ್ ಅಂದ್ರ ಫೈರ್ ಪ್ರೂಫ್ ರೀ ಸರ, ಏನೂ ಆಗಂಗಿಲ್ಲ” ಎಂದರು ಒಬ್ಬರು. ಈ ಮಾತು ತಪ್ಪು, ಮತ್ತು ಅಪಾಯಕಾರಿ. ಎಫ್‌ಆರ್ ಎಂದರೆ ಫ್ಲೇಮ್ ರಿಟಾರ್ಡಂಟ್, ಅಂದರೆ ಉರಿ ಹಬ್ಬುವುದನ್ನು ತಡೆಯುವಂಥದ್ದು, ಅಷ್ಟೇ. ಎಫ್‌ಆರ್ ವೈರಿನ ಪಿವಿಸಿ ಹೊದಿಕೆ ಉರಿಯನ್ನು ತನ್ನುದ್ದಕ್ಕೂ ಹಬ್ಬಲು ಬಿಡುವುದಿಲ್ಲ, ಬೆಂಕಿಯ ಮೂಲ ಸರಿದರೆ ತಾನೇ ಆರುತ್ತದೆ. ಆದರೆ ಸುತ್ತಲೂ ಬೆಂಕಿ ಬಿದ್ದಾಗ ಅದೂ ಸುಡುತ್ತದೆ, ದಟ್ಟವಾದ ಕಪ್ಪು ಹೊಗೆಯ ಜೊತೆಗೆ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುತ್ತದೆ, ಆ ಅನಿಲ ಕಣ್ಣು ಮತ್ತು ಗಂಟಲಿನ ತೇವದಲ್ಲಿ ಕರಗಿ ಆಮ್ಲವಾಗುತ್ತದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತಾಗ ಮೇಲಿನ ಅಂತಸ್ತುಗಳನ್ನು ತುಂಬಿದ್ದು ಹೊಗೆಯೇ. ಒಂದೇ ಮೆಟ್ಟಿಲಿನ ನಮ್ಮ ಕಟ್ಟಡಕ್ಕೆ ಆ ನೆನಪು ಸಾಕಾಗಿತ್ತು.

ಹೊಗೆ ಕಡಿಮೆಯೆನ್ನುವ ಎಫ್‌ಆರ್‌ಎಲ್‌ಎಸ್‌ಎಚ್ ವೈರ್ ಕೂಡ ಪಿವಿಸಿಯದ್ದೇ. ಆಮ್ಲ ಅನಿಲ ಅದರಲ್ಲಿ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಹೀಗಾಗಿ ಕೋಣೆಗಳಿಗೂ ಮೆಟ್ಟಿಲಿಗೂ ಭಾರತೀಯ ಮಾನದಂಡ ಐಎಸ್ 17048ರ ಎಚ್‌ಎಫ್‌ಎಫ್‌ಆರ್ (ಕ್ಲೋರಿನ್‌ನಂಥ ಹ್ಯಾಲೋಜನ್ ಇಲ್ಲದ, ಉರಿ ಹಬ್ಬಗೊಡದ) ವೈರನ್ನೇ ಆರಿಸಿದೆ: ದೀಪಗಳಿಗೆ 1.5, ಪ್ಲಗ್‌ಗಳಿಗೆ 2.5, ಗೀಸರ್‌ಗೆ 4 ಚದರ ಮಿ.ಮೀ., ಎಲ್ಲವೂ 90 ಮೀಟರಿನ ಕಾಯಿಲ್‌ಗಳು. ಇದರ ಹೊದಿಕೆಯಲ್ಲಿ ಕ್ಲೋರಿನ್ ಇಲ್ಲ, ಹೊಗೆ ತೆಳು.

ಬಳಕೆಯಲ್ಲಿ ಒಂದು ತೊಂದರೆ ಕಂಡಿತು. ಹೊದಿಕೆ ಪಿವಿಸಿಯಷ್ಟು ಜಾರುವುದಿಲ್ಲ, ಕಂಡ್ಯೂಟ್ ಪೈಪಿನ ಬೆಂಡ್‌ನಲ್ಲಿ ಜೋರಾಗಿ ಎಳೆದರೆ ಕೆರೆಯುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಎರಡು ಕಡೆ ಪೈಪನ್ನೇ ದೊಡ್ಡದು ಮಾಡಬೇಕಾಯಿತು. ದರವೂ ಹೆಚ್ಚು. ಆದರೂ ಇನ್ನೊಮ್ಮೆ ಕಟ್ಟಿಸಿದರೆ ಇದನ್ನೇ ಕೊಳ್ಳುತ್ತೇನೆ.

ಕಾಯಿಲ್ ತರುವಾಗ ಡಬ್ಬದ ಮೇಲಿನ ಬರಹವನ್ನು ನಂಬಬೇಡಿ. ನಮಗೆ ಬಂದ ಒಂದು ಡಬ್ಬದ ಮೇಲೆ ಎಚ್‌ಎಫ್‌ಎಫ್‌ಆರ್ ಎಂದಿದ್ದರೂ ಒಳಗಿನ ವೈರಿನ ಮೇಲೆ ಅಚ್ಚಾಗಿದ್ದದ್ದು ಎಫ್‌ಆರ್ ಎಂದು. ತೋರಿಸಿದ ಮೇಲೆ ಅಂಗಡಿಯವರು ತಕರಾರಿಲ್ಲದೆ ಬದಲಿಸಿಕೊಟ್ಟರು. ವೈರಿನ ಮೈಮೇಲಿನ ಐಎಸ್ ಸಂಖ್ಯೆ, ಐಎಸ್‌ಐ ಗುರುತು, ಅಳತೆ, ಈ ಮೂರನ್ನೂ ಅಂಗಡಿಯಲ್ಲೇ ಬಿಚ್ಚಿ ಓದಬೇಕು.

ಫೈರ್ ಅಲಾರಂ, ತುರ್ತು ದೀಪ ಮತ್ತು ಬೆಂಕಿ ಆರಿಸುವ ಪಂಪಿಗೆ ಮಾತ್ರ ಬೇರೆಯೇ ಜಾತಿಯ ಫೈರ್ ಸರ್ವೈವಲ್ ಕೇಬಲ್ ಹಾಕಿಸಿದೆ. ಇದರ ತಾಮ್ರದ ತಂತಿಗೆ ಅಭ್ರಕದ ಪಟ್ಟಿ ಸುತ್ತಿರುತ್ತದೆ. ಹೊದಿಕೆ ಸುಟ್ಟುಹೋದರೂ ಅಭ್ರಕ ತಂತಿಗಳನ್ನು ಪರಸ್ಪರ ತಾಗಗೊಡದೆ ವಿದ್ಯುತ್ತನ್ನು ಹರಿಯಬಿಡುತ್ತದೆ. ಬ್ರಿಟಿಷ್ ಮಾನದಂಡ ಬಿಎಸ್ 6387ರ ‘ಸಿ’ ಪರೀಕ್ಷೆಯಲ್ಲಿ ಇಂಥ ಕೇಬಲ್ 950 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಮೂರು ಗಂಟೆ ಕೆಲಸ ಮಾಡಬೇಕು. ಹುಬ್ಬಳ್ಳಿಯಲ್ಲಿ ನಾನು ಕೇಳಿದ ಯಾವ ಅಂಗಡಿಯಲ್ಲೂ ಇದು ಸಿದ್ಧವಿರಲಿಲ್ಲ, ತರಿಸಿಕೊಳ್ಳಬೇಕಾಯಿತು.

ಇಷ್ಟಾದರೂ ಕೇಬಲ್ ಏರುವ ಡಕ್ಟ್‌ನಲ್ಲಿ ಪ್ರತಿ ಸ್ಲ್ಯಾಬಿನ ರಂಧ್ರ ತೆರೆದೇ ಇದ್ದರೆ ಹೊಗೆಗೆ ಅದೇ ಚಿಮಣಿ. ಬೆಂಕಿ ತಡೆಯುವ ಸೀಲಂಟ್ ತುಂಬಿಸಿ ಒಂದು ರಂಧ್ರ ಮುಚ್ಚಿದ್ದೇವೆ. ಎರಡನೆಯದು ಮುಚ್ಚುವವರೆಗೆ ಹೆಸ್ಕಾಂ ಮೀಟರಿಗೆ ಅರ್ಜಿ ಹಾಕುವುದಿಲ್ಲವೆಂದು ನಿರ್ಧರಿಸಿದ್ದೇನೆ.