ಸವೆಯಲೂ ಒಲ್ಲದು, ಸುಮ್ಮನಿರಲೂ ಒಲ್ಲದು: ಸ್ವಿಫ್ಟ್‌ಗೆ ಹಾಕಿಸಿದ ಅಗ್ಗದ ಟೈರು

ಮೊದಲೇ ಹೇಳಿಬಿಡುತ್ತೇನೆ, ಈ ಟೈರು ಶಬ್ದ ಮಾಡುತ್ತದೆ. ಸ್ವಲ್ಪ ಅಲ್ಲ, ಜಾಸ್ತಿಯೇ. ಕಂಪನಿ ಹೆಸರನ್ನು ಬೇಕಂತಲೇ ಬರೆಯುತ್ತಿಲ್ಲ, ಯಾಕೆಂದರೆ ಇದೇ ಟೈರು ಬೇರೆ ಸೈಜಿನಲ್ಲಿ, ಬೇರೆ ಕಾರಿನಲ್ಲಿ ಬೇರೆ ಥರ ಇರಬಹುದು. ‘ಬಾಳಿಕೆ ಜಾಸ್ತಿ’ ಅಂತ ಹೇಳಿಕೊಂಡು ಮಾರುವ ಟೈರು ಹೆಚ್ಚುಕಡಿಮೆ ಎಲ್ಲ ದೊಡ್ಡ ಕಂಪನಿಗಳ ಹತ್ತಿರವೂ ಒಂದೊಂದು ಇದೆ. ನನ್ನದು ಅದರಲ್ಲೊಂದು. ಸೈಜು 165/80 ಆರ್14, ಕಾರು 2016ರ ಸ್ವಿಫ್ಟ್, ಊರು ಹಾಸನ. ಹೆಂಡತಿಯ ತವರು ಪುತ್ತೂರು. ಹಾಗಾಗಿ ಶಿರಾಡಿ ಘಾಟಿ ನಮಗೆ ಪಕ್ಕದ ಬೀದಿ ಇದ್ದಂತೆಯೇ.

ಕಂಪನಿಯಿಂದ ಬಂದ ಟೈರುಗಳೇ 2023ರ ತನಕ ಓಡಿದ್ದವು. ಆ ಮಳೆಗಾಲದಲ್ಲಿ ಮುಂದಿನ ಎರಡೂ ಬೋಳಾಗಿದ್ದವು, ಹಿಂದಿನವುಗಳ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ನಾಲ್ಕನ್ನೂ ಬದಲಾಯಿಸಲೇಬೇಕಿತ್ತು. ಅದೇ ಹೊತ್ತಿಗೆ ಕಾರಿನ ಇನ್ಶೂರೆನ್ಸ್, ಮಗಳ ಸ್ಕೂಲ್ ಫೀಸಿನ ಕಂತು ಎರಡೂ ಬಂದವು. ಟೈರಿಗೆ ಅಂತ ಉಳಿದಿದ್ದು ಹದಿನೆಂಟು ಸಾವಿರ. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಅದರೊಳಗೇ ಆಗಬೇಕು. ಮೃದುವಾಗಿ, ಸದ್ದಿಲ್ಲದೆ ಓಡುತ್ತವೆ ಅಂತ ಹೆಸರಿರುವ ಟೈರುಗಳ ಬೆಲೆ ಕೇಳಿ ಅಲ್ಲಿಗೇ ಕೈಬಿಟ್ಟೆ.

ಮೊದಲು ಹೋದ ಅಂಗಡಿಯವರು ‘ಆಫರ್’ ಅಂತ ನಾಲ್ಕು ಟೈರು ಎತ್ತಿಟ್ಟರು. ಬೆಲೆ ನಿಜವಾಗಿಯೂ ಕಡಿಮೆ ಇತ್ತು. ಮೊಬೈಲ್ ಟಾರ್ಚ್ ಹಾಕಿ ಪಕ್ಕದಲ್ಲಿ ಅಚ್ಚೊತ್ತಿದ್ದ ಸಂಖ್ಯೆ ಹುಡುಕಿದೆ. ಡಾಟ್ (DOT) ಅಂತ ಶುರುವಾಗುವ ಆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಟೈರು ತಯಾರಾದ ವಾರ ಮತ್ತು ವರ್ಷ. ಅಲ್ಲಿದ್ದದ್ದು 1421. ಅಂದರೆ 2021ರ ಹದಿನಾಲ್ಕನೇ ವಾರ. ಎರಡು ವರ್ಷ ದಾಟಿತ್ತು.

“ಟೈರ್ ಏನ್ ಹಾಲಾ ಸಾರ್ ಕೆಡೋಕೆ?” ಅಂದರು ಅಂಗಡಿಯವರು. ಹಾಲಲ್ಲ, ನಿಜ. ಆದರೆ ವರ್ಷಕ್ಕೆ ಕಡಿಮೆ ಓಡಿಸುವ ನನ್ನಂಥವನ ಟೈರು ಸವೆಯುವುದಕ್ಕಿಂತ ಮೊದಲು ವಯಸ್ಸಾಗಿಯೇ ಹೋಗುತ್ತದೆ. ಎರಡು ವರ್ಷವನ್ನು ಅಂಗಡಿಯ ಅಟ್ಟದ ಮೇಲೇ ಕಳೆದು ಬಂದಿದ್ದನ್ನು ನಾನ್ಯಾಕೆ ತಗೊಳ್ಳಲಿ? ಆಮೇಲೆ ಮೆಲ್ಲಗೆ, “ಬಿಲ್ ಬೇಡ ಅಂದ್ರೆ ಇನ್ನೂ ಸ್ವಲ್ಪ ಬಿಡ್ತೀನಿ” ಅಂತಲೂ ಅಂದರು. ಬಿಲ್ ಇಲ್ಲದೆ ನಾಳೆ ಟೈರು ಊದಿಕೊಂಡರೆ ವಾರಂಟಿ ಕೇಳುವುದು ಯಾರ ಹತ್ತಿರ? ಎದ್ದು ಬಂದೆ.

ಎರಡನೇ ಅಂಗಡಿಯಲ್ಲಿ ಎರಡು ತಿಂಗಳ ಹಿಂದಿನ ತಯಾರಿ ಸಿಕ್ಕಿತು. ಒಂದಕ್ಕೆ ನಾಲ್ಕು ಸಾವಿರದ ಆಸುಪಾಸು. ಹಳೇ ಟೈರುಗಳಿಗೆ ಕೊಟ್ಟ ಎಕ್ಸ್‌ಚೇಂಜ್ ದುಡ್ಡು ಹೊಸ ವಾಲ್ವ್, ಬ್ಯಾಲೆನ್ಸಿಂಗ್ ತೂಕಕ್ಕೇ ಸರಿಹೋಯಿತು. ಆಗ ಟೈರಿಗೆ ಜಿಎಸ್‌ಟಿ 28% ಇತ್ತು. 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ, ಈಗ ತಗೊಳ್ಳುವವರು ಅದೃಷ್ಟವಂತರು. ಚೀನಾ ಟೈರು ಇನ್ನೂ ಅಗ್ಗವಲ್ವಾ ಅಂತ ಕೆಲವರು ಕೇಳುತ್ತಾರೆ. 2020ರ ಜೂನ್‌ನಲ್ಲಿ ಸರ್ಕಾರ ಟೈರು ಆಮದಿಗೆ ಕಡಿವಾಣ ಹಾಕಿದ ಮೇಲೆ ನಮ್ಮ ಕಡೆ ಅಂಗಡಿಗಳಲ್ಲಿ ಅವನ್ನು ನಾನಂತೂ ನೋಡಿಲ್ಲ.

ದುಡ್ಡಿಲ್ಲ ಅಂತ ಎರಡೇ ಹಾಕಿಸುವವರಿಗೆ ಒಂದು ಮಾತು: ಹೊಸದನ್ನು ಹಿಂದಕ್ಕೆ ಹಾಕಿಸಿ. ಅಂಗಡಿಯವರು ಕೇಳದೆಯೇ ಮುಂದಕ್ಕೆ ಹಾಕಿಬಿಡುತ್ತಾರೆ. ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರೇ ತಿರುಗಿಬಿಡುತ್ತದೆ, ಸ್ಟೀರಿಂಗ್ ಹಿಡಿದು ಏನೂ ಮಾಡಲಾಗುವುದಿಲ್ಲ.

ಇನ್ನು ಶಬ್ದಕ್ಕೆ ಬರುತ್ತೇನೆ.

ಹಾಸನದೊಳಗೆ ಓಡಿಸುವಾಗ ಏನೂ ಗೊತ್ತಾಗಲಿಲ್ಲ. ಸಕಲೇಶಪುರ ದಾಟಿ ಘಾಟಿಯ ಕಾಂಕ್ರೀಟ್ ರಸ್ತೆ ಹತ್ತಿದ್ದೇ ತಡ, ಹಿಟ್ಟಿನ ಗಿರಣಿ ಪಕ್ಕದಲ್ಲಿ ಕೂತ ಹಾಗೆ ಗುಂಯ್ ಅಂತ ಶುರುವಾಯಿತು. ವೇಗ ಅರವತ್ತು ದಾಟಿದರೆ ಸ್ವರ ಏರುತ್ತದೆ, ಎಂಬತ್ತಕ್ಕೆ ಹಿಂದೆ ಕೂತವರ ಮಾತು ಕೇಳಿಸುವುದಿಲ್ಲ. “ರೀ, ಬೇರಿಂಗ್ ಹೋಗಿದೆ ಅನ್ಸುತ್ತೆ” ಅಂದಳು ಹೆಂಡತಿ. ಉಪ್ಪಿನಂಗಡಿಯಲ್ಲಿ ಹತ್ತಿಕೊಂಡ ಮಾವ ಎರಡೆರಡು ಸಲ ತಿರುಗಿ ನೋಡಿದರು. “ಎಂತದ್ದು ಈ ಶಬ್ದ? ನಾನು ಹಿಂದೆ ಲಾರಿ ಉಂಟು ಎಣಿಸಿದೆ” ಅಂದರು.

ಬೇರಿಂಗ್ ಅನುಮಾನ ನನಗೂ ಇತ್ತು. ನಮ್ಮ ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸಲು ಹೇಳಿದರು. ಬೇರಿಂಗ್ ಹೋಗಿದ್ದರೆ ಒಂದು ಕಡೆಗೆ ಭಾರ ಬಿದ್ದಾಗ ಶಬ್ದ ಬದಲಾಗುತ್ತದಂತೆ. ಬದಲಾಗಲಿಲ್ಲ. ಡಾಂಬರಿನಿಂದ ಕಾಂಕ್ರೀಟಿಗೆ ಇಳಿದಾಗ ಮಾತ್ರ ಬದಲಾಯಿತು. “ಬೇರಿಂಗ್ ಚೆನ್ನಾಗಿದೆ ಸಾರ್, ಟೈರೇ ಕೂಗ್ತಿರೋದು” ಅಂತ ಇಳಿದು ಹೋದರು.

ಕಾರಣ ತಿಳಿಯದ್ದೇನಲ್ಲ. ಬೇಗ ಸವೆಯಬಾರದು ಅಂತ ರಬ್ಬರ್ ಗಟ್ಟಿ ಮಾಡಿರುತ್ತಾರೆ. ಕಾಂಕ್ರೀಟ್ ರಸ್ತೆಯಲ್ಲಿ ಜಾರದಿರಲಿ ಅಂತ ಗೆರೆ ಎಳೆದಿರುತ್ತಾರೆ. ಎರಡೂ ಸೇರಿದರೆ ಈ ಕಛೇರಿ. ಟೈರಿನ ಶಬ್ದಕ್ಕೆ ಸರ್ಕಾರದ ಮಿತಿ ಇದೆಯಲ್ಲ ಅಂತ ಹುಡುಕಿ ನೋಡಿದೆ. ಇದೆ. ಆದರೆ ಅದರಲ್ಲಿ ಅಳೆಯುವುದು ರಸ್ತೆ ಬದಿಯಲ್ಲಿ ಮೈಕ್ ಇಟ್ಟು. ಒಳಗೆ ಕೂತ ನಮ್ಮ ಮಾವನ ಕಿವಿಯನ್ನು ಯಾರೂ ಕೇಳಿಲ್ಲ.

ಮಳೆಯ ಬಗ್ಗೆಯೂ ಹೇಳಬೇಕು. ಮೊದಲ ಮಳೆಗೆ ರಸ್ತೆ ಮೇಲಿನ ಎಣ್ಣೆ, ಧೂಳು ಸೇರಿ ಕೆಸರಾಗಿರುತ್ತದಲ್ಲ, ಆಗ ಬ್ರೇಕ್ ಒತ್ತಿದರೆ ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ. ಹಳೇ ಟೈರು ಹೊಸದಿದ್ದಾಗ ಹೀಗಿರಲಿಲ್ಲ. ಮಳೆಯಲ್ಲಿ ನಾನು ಐವತ್ತು ದಾಟುವುದಿಲ್ಲ, ಹಾಗಾಗಿ ನಡೆಯುತ್ತಿದೆ. ಜೋರಾಗಿ ಓಡಿಸುವವರು ಇದರ ತಂಟೆಗೆ ಹೋಗಬೇಡಿ.

ಇಷ್ಟು ಬೈದ ಮೇಲೆ ಒಂದು ವಿಷಯ ಒಪ್ಪಬೇಕು. ಶಬ್ದ ಕಡಿಮೆಯಾದೀತೇನೋ ಅಂತ ಶುರು ಮಾಡಿದ ಒಂದು ಕೆಲಸ ಈಗ ನನಗೆ ಅಂಟಿಕೊಂಡಿದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವ ಹುಡುಗ ಆಲ್ಟೋ ಬರಲಿ, ಇನ್ನೋವಾ ಬರಲಿ, “35 ಹಾಕ್ಲಾ ಸಾರ್?” ಅನ್ನುತ್ತಾನೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಬರೆದಿರುವುದು ಅಷ್ಟಲ್ಲ. ಗಾಳಿ ಜಾಸ್ತಿಯಾದರೆ ಗಟ್ಟಿ ಟೈರು ಇನ್ನೂ ಗಟ್ಟಿಯಾಗುತ್ತದೆ, ನಡುಭಾಗ ಬೇಗ ಸವೆಯುತ್ತದೆ. ಅದಕ್ಕೇ ಸಿಗರೇಟ್ ಲೈಟರ್ ತೂತಿಗೆ ಚುಚ್ಚುವ ಪುಟ್ಟ ಪಂಪ್ ಮತ್ತು ಒಂದು ಗೇಜ್ ತಗೊಂಡೆ.

ಭಾನುವಾರ ಬೆಳಗ್ಗೆ ಕಾಫಿಗೆ ಮುಂಚೆ, ಕಾರು ಇನ್ನೂ ಅಲುಗಾಡದಿದ್ದಾಗ, ಚಕ್ರ ತಣ್ಣಗಿದ್ದಾಗಲೇ ಅಳೆಯಬೇಕು. ಹಿಂದಿನ ಎಡ ಚಕ್ರದಿಂದ ಶುರು. ವಾಲ್ವಿನ ಮುಚ್ಚಳ ಬಿಚ್ಚಿ ಮಗಳ ಅಂಗೈಗೆ ಹಾಕುವುದು. ಗೇಜ್ ನೇರ ಕೂರದಿದ್ದರೆ ಪುಸ್ಸ್ ಅನ್ನುತ್ತದೆ, ಸರಿಯಾಗಿ ಕೂತರೆ ಚಕ್ಕಂತ ಒಂದು ಸದ್ದು, ಮುಳ್ಳು ಎದ್ದು ನಿಲ್ಲುತ್ತದೆ. ಅಂಕಿಯನ್ನು ಮಗಳು ಕೂಗಿ ಹೇಳುತ್ತಾಳೆ. ಆಮೇಲೆ ಹಳೇ ಸ್ಕ್ರೂಡ್ರೈವರಿನಲ್ಲಿ ಗೀರುಗಳ ನಡುವೆ ಸಿಕ್ಕ ಜಲ್ಲಿ ಚೂರುಗಳನ್ನು ಒಂದೊಂದಾಗಿ ಕಿತ್ತು ತೆಗೆಯುವುದು. ಟಕ್ ಅಂತ ಚೂರು ಹಾರಿದರೆ ಅದೇನೋ ಖುಷಿ. ಹೀಗೆ ನೋಡುವಾಗಲೇ ಒಮ್ಮೆ ಬಲಗಡೆ ಮುಂದಿನ ಚಕ್ರದಲ್ಲಿ ಗಾಳಿ ಐದು ಪಾಯಿಂಟ್ ಇಳಿದದ್ದು ಕಂಡು, ಪಂಕ್ಚರ್ ಅಂಗಡಿಗೆ ಹೋದರೆ ಒಂದು ಮೊಳೆ ತಲೆವರೆಗೂ ಇಳಿದು ಕೂತಿತ್ತು. ಅದನ್ನೇ ಹೊತ್ತುಕೊಂಡು ಘಾಟಿ ಇಳಿಯುವವರಿದ್ದೆವು.

ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸುತ್ತೇನೆ. ಸ್ವಿಫ್ಟ್ ಎಳೆಯುವುದು ಮುಂದಿನ ಚಕ್ರದಿಂದ, ಅವೇ ಬೇಗ ಸವೆಯುವುದು. ಅದಲು ಬದಲು ಮಾಡಿದ ಹೊಸದರಲ್ಲಿ ಗುಂಯ್ ಸ್ವಲ್ಪ ತಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ. ಡಾಂಬರ್ ರಸ್ತೆಯಲ್ಲಿ ಈಗ ನಾವ್ಯಾರೂ ಅದರ ಮಾತೇ ಎತ್ತುವುದಿಲ್ಲ.

ಬಾಳಿಕೆಯಲ್ಲಿ ಮಾತ್ರ ಕಂಪನಿಯವರು ಸುಳ್ಳು ಹೇಳಿಲ್ಲ. ಮೂವತ್ತು ಸಾವಿರ ಕಿಲೋಮೀಟರ್ ಆಸುಪಾಸು ಓಡಿದೆ. ಗೀರಿನ ಆಳ ಹೊಸದರಲ್ಲಿ ಎಂಟು ಮಿಲಿಮೀಟರ್ ಹತ್ತಿರ ಇತ್ತು, ಈಗಲೂ ಐದಕ್ಕಿಂತ ಮೇಲಿದೆ. ಕಾನೂನಿನ ಕನಿಷ್ಠ 1.6 ಮಿಲಿಮೀಟರ್. ಗೀರಿನೊಳಗೆ ಅಷ್ಟೇ ಎತ್ತರದ ಸಣ್ಣ ದಿಬ್ಬಗಳಿರುತ್ತವೆ, ಟೈರು ಸವೆದು ಅವಕ್ಕೆ ಸಮವಾದರೆ ಆಯುಷ್ಯ ಮುಗಿದಂತೆ. ಘಾಟಿ ಮಳೆಗೆ ನಾನು ಮೂರಕ್ಕೇ ಬದಲಾಯಿಸುವವನು. ಹಾಗಿದ್ದರೂ ಇನ್ನೂ ಎರಡು ವರ್ಷ ಇದರ ಜೊತೆಯೇ ಬದುಕಬೇಕು. ಚೆನ್ನಾಗಿರುವ ಟೈರನ್ನು ಶಬ್ದ ಮಾಡುತ್ತದೆ ಅಂತ ಬಿಸಾಡುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಬೇಗ ಸವೆಯಲಿ ಅಂತ ಹೆಂಡತಿ ಹರಕೆ ಹೊತ್ತಿದ್ದಾಳೋ ಏನೋ, ಗೊತ್ತಿಲ್ಲ.

ಸ್ಟೆಪ್ನಿ ಮಾತ್ರ ಇನ್ನೂ 2016ರದ್ದೇ. ಒಮ್ಮೆಯೂ ರಸ್ತೆಗೆ ಇಳಿದಿಲ್ಲ, ಆದರೂ ವಯಸ್ಸಾಯಿತು, ನಂಬುವ ಹಾಗಿಲ್ಲ. ಈ ಮಳೆಗಾಲದೊಳಗೆ ಅದನ್ನೂ ಬದಲಾಯಿಸಬೇಕು. ಅದಕ್ಕೆ ಇದೇ ಟೈರು ತಗೊಳ್ಳುತ್ತೇನೆ. ಡಿಕ್ಕಿಯಲ್ಲಿ ಮಲಗಿರುವುದು ಶಬ್ದ ಮಾಡುವುದಿಲ್ಲವಲ್ಲ.