ಮನೆಗೇ ಬಂದು ನಾಯಿಗೆ ತರಬೇತಿ ಕೊಡುವವರಿಗೆ ಪೂರ್ತಿ ಹಣ ಮುಂಗಡ ಕೊಡುವ ಮುನ್ನ ಇದನ್ನು ಓದಿ

ಹುಬ್ಬಳ್ಳಿಯಲ್ಲಿ ಮನೆ ಮನೆಗೆ ಹೋಗಿ ನಾಯಿಗಳಿಗೆ ‘ಬೇಸಿಕ್ ಒಬಿಡಿಯನ್ಸ್’ (ಹೇಳಿದ ಮಾತು ಕೇಳುವ ಮೊದಲ ಪಾಠ) ಕಲಿಸುವುದಾಗಿ ಹೇಳಿ, ಒಂದು ತಿಂಗಳ ಪ್ಯಾಕೇಜಿನ ₹12,000 ಅನ್ನು ಮೊದಲ ಭೇಟಿಯಲ್ಲೇ ಪೂರ್ತಿಯಾಗಿ ಹಾಕಿಸಿಕೊಳ್ಳುವ ಒಬ್ಬ ತರಬೇತುದಾರನಿಂದ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ದೂರು ಕೊಡುವ ತಯಾರಿ ನಡೆದಿರುವುದರಿಂದ ಹೆಸರು ಹಾಕುತ್ತಿಲ್ಲ. ಆತ ಕೆಲಸ ಮಾಡುವ ರೀತಿ ಗೊತ್ತಾದರೆ ಸಾಕು, ಯಾಕೆಂದರೆ ಇದೇ ರೀತಿಯ ಇನ್ನೂ ಹಲವರು ಊರಲ್ಲಿದ್ದಾರೆ ಎಂದು ನಮ್ಮ ಪಶುವೈದ್ಯರೇ ಹೇಳಿದರು.

ನಮ್ಮ ಚಿಗರಿ ಮುಧೋಳ ತಳಿಯ ಹೆಣ್ಣುನಾಯಿ, ಮುಧೋಳದ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ತಂದ ಮರಿ. ವರ್ಷ ತುಂಬುವ ಹೊತ್ತಿಗೆ ಗೇಟು ಸಂದಾದರೆ ಸಾಕು, ಬೆಕ್ಕಿನ ಬೆನ್ನು ಹತ್ತಿ ಓಣಿಯ ಆ ತುದಿಗೆ ಹೋಗಿರುತ್ತಿತ್ತು. ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವುದಕ್ಕಾಗಿಯೇ ಬೆಳೆಸಿದ ಬೇಟೆನಾಯಿಯಲ್ಲಿ ಇದು ಸಹಜ. ನಮಗೆ ಸರ್ಕಸ್ ಬೇಕಿರಲಿಲ್ಲ. ಕರೆದರೆ ಬರಬೇಕು, ಕೂರು ಎಂದರೆ ಕೂರಬೇಕು, ಗೇಟು ತೆಗೆದಾಗ ಒಂದು ಕ್ಷಣ ನಿಲ್ಲಬೇಕು, ಅಷ್ಟೇ.

ಮೊದಲ ದಿನ ಆತ ತನ್ನ ಲ್ಯಾಬ್ರಡಾರನ್ನು ಜೊತೆಗೆ ಕರೆತಂದಿದ್ದ. ಅದು ನಮ್ಮ ಅಂಗಳದಲ್ಲಿ ಕೂತಿತು, ಮಲಗಿತು, ಎಡಗಾಲಿಗೆ ಅಂಟಿಕೊಂಡು ನಡೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಂತರ ಚಿಗರಿಯನ್ನು ಕರೆದು, ಮುಷ್ಟಿಯಲ್ಲಿ ಹಿಡಿದಿದ್ದ ಕೋಳಿಯ ಲಿವರ್ ಚೂರನ್ನು ಅದರ ಮೂಗಿನ ಮೇಲಿಂದ ಹಿಂದಕ್ಕೆ ಸರಿಸಿದ. ತಲೆ ಮೇಲೆತ್ತಿದ ಚಿಗರಿ ತಾನಾಗಿಯೇ ಹಿಂಭಾಗ ಊರಿ ಕುಳಿತಿತು. ‘ನೋಡ್ರಿ ಅಕ್ಕಾರ, ಐದ್ ನಿಮಿಷದಾಗ ಕಲೀತು. ತಿಂಗಳಾಗ ಹೆಂಗಾಗತೈತಿ ನೀವ ನೋಡ್ರಿ’ ಎಂದ. ಹೀಗೆ ತಿನಿಸು ತೋರಿಸಿ, ಪ್ರೀತಿಯಿಂದಲೇ ಕಲಿಸುತ್ತಾನೆ ಎಂದು ನಂಬಿಸುವುದಕ್ಕಾಗಿಯೇ ಆ ಲಿವರ್ ಚೂರು ಬಂದಿತ್ತು. ಹಣ ಅವನ ಖಾತೆಗೆ ಹೋದ ಮೇಲೆ ಅದನ್ನು ನಾವು ಮತ್ತೆ ಕಾಣಲೇ ಇಲ್ಲ.

ಮರುದಿನದಿಂದ ಹೊಸ ನಿಯಮ ಬಂತು. ‘ನೀವು ಎದುರಿಗೆ ನಿಂತ್ರ ಅದರ ಲಕ್ಷ್ಯ ನಿಮ್ಮ ಕಡೇನ ಇರತೈತ್ರಿ, ಒಳಗ ಹೋಗ್ರಿ’ ಎಂದು ಹೇಳಿ ಆತ ಚಿಗರಿಯನ್ನು ಹಿತ್ತಲಿಗೆ ಒಯ್ಯುತ್ತಿದ್ದ. ಕೆಲವು ದಿನಗಳಾದ ಮೇಲೆ ಆತ ಬರುವುದೂ ನಿಂತು, ಅವನ ಬದಲು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಹುಡುಗ ಬರತೊಡಗಿದ. ಕೇಳಿದಾಗ ‘ಅಂವ ನನ್ನ ಸೀನಿಯರ್ ಅಸಿಸ್ಟಂಟ್ರಿ’ ಎಂಬ ಉತ್ತರ ಬಂತು. ನಾಯಿಯ ಜೊತೆ ದಿನವೂ ಇರಬೇಕಾದವರು ನಾವು. ಹೇಗೆ ಹೇಳಬೇಕು, ಯಾವಾಗ ತಿನಿಸು ಕೊಡಬೇಕು ಎಂಬುದನ್ನು ಕಲಿಯಬೇಕಾದವರೂ ನಾವೇ. ನಮ್ಮನ್ನು ಒಳಗೆ ಕೂರಿಸಿ ಹಿತ್ತಲಲ್ಲಿ ನಡೆಸುವುದನ್ನು ತರಬೇತಿ ಎಂದು ಯಾವ ಬಾಯಿಂದ ಹೇಳುತ್ತಾರೋ ತಿಳಿಯದು.

ತಿಂಗಳ ಕೊನೆಗೆ ‘ಟೆಸ್ಟ್’ ಇತ್ತು. ಆತ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ‘ಸಿಟ್’ ಎಂದ ಕೂಡಲೇ ಚಿಗರಿ ಕುಳಿತಿತು. ಕುಳಿತಿತು ಎನ್ನುವುದಕ್ಕಿಂತ ಕುಸಿಯಿತು ಎನ್ನಬೇಕು. ಕಿವಿಗಳು ಹಿಂದಕ್ಕೆ ಅಂಟಿಕೊಂಡಿದ್ದವು, ಬಾಲ ಹೊಟ್ಟೆಯಡಿಗೆ ಸೇರಿತ್ತು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುತ್ತಿತ್ತು, ಮತ್ತು ಅದರ ಕೆಳಗೆ ಕಡಪಾ ಕಲ್ಲಿನ ಮೇಲೆ ಮೂತ್ರ ಹರಿಯುತ್ತಿತ್ತು. ಮರಿಯಾಗಿದ್ದಾಗ ಬಿಟ್ಟರೆ ಅದು ಎಂದೂ ಮನೆಯ ಅಂಗಳದಲ್ಲಿ ಹಾಗೆ ಮಾಡಿದ್ದಿಲ್ಲ. ‘ಹೆಂಗ ಕುಂತೈತಿ ನೋಡ್ರಿ! ಅಲುಗಾಡಂಗಿಲ್ಲ’ ಎಂದು ಆತ ನಗುತ್ತಾ, ಚಿನ್ನದ ಬಣ್ಣದ ಮುದ್ರೆಯಿರುವ, ಲ್ಯಾಮಿನೇಟ್ ಮಾಡಿಸಿದ ಒಂದು ಪ್ರಮಾಣಪತ್ರವನ್ನು ನನ್ನ ಕೈಗಿಟ್ಟ. ಬೆಳಕಿಗೆ ಹಿಡಿದಾಗ ಚಿಗರಿಯ ಹೆಸರಿನ ಕೆಳಗೆ, ಬಿಳಿ ಬಣ್ಣ ಬಳಿದ ಜಾಗದಲ್ಲಿ, ‘ಟೈಗರ್’ ಎಂಬ ಇನ್ನೊಂದು ಹೆಸರು ಓದಲು ಬರುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಟೈಗರನ ಮನೆಯವರು ಅದನ್ನು ಬೇಡವೆಂದರೋ, ಅಥವಾ ಆ ನಾಯಿಯ ಪಾಡೂ ಇದೇ ಆಯಿತೋ! ಆ ಕಾಗದವನ್ನು ಕೈಯಲ್ಲಿ ಹಿಡಿದು ನಿಂತಾಗ ಆದ ಅವಮಾನ ಈಗಲೂ ಇಳಿದಿಲ್ಲ. ಅಷ್ಟರಲ್ಲಾಗಲೇ ನಮ್ಮ ಓಣಿಯ ಎರಡು ಮನೆಯವರು ನಮ್ಮನ್ನು ಕೇಳಿಕೊಂಡು ಆತನಿಗೆ ಮುಂಗಡ ಕೊಟ್ಟಾಗಿತ್ತು.

ಸಂಜೆ ಹಿಂದಿನ ಮನೆಯ ಅಜ್ಜಿ ಬಂದು ಹೇಳಿದರು: ‘ಯವ್ವಾ, ಅಂವ ನಿಮ್ಮ ನಾಯೀನ ಸರಪಳಿ ಹಿಡದು ಮುಂಗಾಲು ನೆಲ ಬಿಡೂವಂಗ ಎತ್ತತಿದ್ದ. ನೀವ ಹೇಳಿರಬೇಕು ಅಂತ ನಾ ಸುಮ್ಮನಾದೆ.’ ಪಶುವೈದ್ಯರು ನೋಡಿದಾಗ ಕುತ್ತಿಗೆಯ ಸುತ್ತ ಕೂದಲು ಸವೆದು ಚರ್ಮ ಕೆಂಪಾಗಿತ್ತು. ಮುಧೋಳದಂಥ ನಾಯಿಯ ಚರ್ಮ ತೆಳು, ಕೂದಲು ಗಿಡ್ಡ, ಕುತ್ತಿಗೆ ಉದ್ದ, ತಲೆ ಕಿರಿದು. ಸಾಮಾನ್ಯ ಪಟ್ಟಿ ತಲೆಯಿಂದ ಜಾರಿಹೋಗುತ್ತದೆ ಎಂಬ ನೆಪ ಹೇಳಿ ಇಂಥವರು ಚೋಕ್ ಚೈನ್ ಹಾಕುತ್ತಾರೆ. ಜಾರಬಾರದೆಂದೇ ಮಾಡಿದ ಮಾರ್ಟಿಂಗೇಲ್ ಪಟ್ಟಿ ಇದೆ, ಅದು ಒಂದು ಮಿತಿಯವರೆಗೆ ಮಾತ್ರ ಬಿಗಿಯುತ್ತದೆ; ಚೋಕ್ ಚೈನಿಗೆ ಆ ಮಿತಿಯೇ ಇಲ್ಲ, ಎಳೆದಷ್ಟೂ ಗಂಟಲನ್ನು ಹಿಸುಕುತ್ತಾ ಹೋಗುತ್ತದೆ.

ಇನ್ನು ಆತನ ಉತ್ತರಗಳು. ಮೊದಲಿಗೆ, ‘ನೀವು ಭಾಳ ಮುದ್ದು ಮಾಡಿ ಕೆಡಿಸೀರಿ, ಅದಕ್ಕ ಸ್ವಲ್ಪ ಬಿಗಿ ಮಾಡಬೇಕಾತು.’ ಕುತ್ತಿಗೆಯ ಫೋಟೊ ಕಳಿಸಿದಾಗ, ‘ಉಣ್ಣಿ ಕಡದಿರಬೇಕ್ರಿ.’ ಅಜ್ಜಿ ಕಣ್ಣಾರೆ ಕಂಡದ್ದನ್ನು ಬರೆದಾಗ, ‘ಎಲ್ಲಾರೂ ಹಿಂಗ ಕಲಸೂದು, ನಿಮಗ ಇದರಾಗ ಗೊತ್ತಾಗಂಗಿಲ್ಲ.’ ಹಣ ವಾಪಸ್ ಕೇಳಿದಾಗ ಕನ್ನಡವೇ ಮಾಯವಾಗಿ, ‘ಅಡ್ವಾನ್ಸ್ ನಾನ್ ರಿಫಂಡಬಲ್’ ಎಂಬ ಒಂದೇ ಸಾಲು, ಅದರ ಮುಂದೆ ಕೈಮುಗಿದ ಚಿತ್ರ. ಬಾಯಲ್ಲಿ ಹೇಳಿದ್ದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿತು: ‘ಮುಧೋಳ ನಾಯಿ ಮೊದಲ ಹಟಮಾರಿ ಜಾತಿರಿ, ಹೊಡೀದ ಕಲಿಯಂಗಿಲ್ಲ.’ ಇದೇ ತಿಮ್ಮಾಪುರದ ಮರಿಗಳನ್ನು 2016ರಲ್ಲಿ ಭಾರತೀಯ ಸೇನೆ ಮೀರತ್‌ನ ತನ್ನ ಕೇಂದ್ರಕ್ಕೆ ತರಬೇತಿಗೆಂದು ಒಯ್ದಿತ್ತು. ಹಟಮಾರಿ ಯಾರೆಂದು ನಾನು ಆತನಿಗೇ ಕೇಳಿದೆ. ಅಂದಿನಿಂದ ನನ್ನ ಸಂಖ್ಯೆ ಬ್ಲಾಕ್ ಆಗಿದೆ.

‘ಎಲ್ಲಾರೂ ಹಿಂಗ ಕಲಸೂದು’ ಎಂಬುದೂ ಸುಳ್ಳು. ಅಮೆರಿಕದಲ್ಲಿ ಪ್ರಾಣಿಗಳ ವರ್ತನೆಯ ಬಗ್ಗೆ ಕೆಲಸ ಮಾಡುವ ಪಶುವೈದ್ಯರ ಸಂಘವು 2021ರಲ್ಲಿ, ನಾಯಿಗಳಿಗೆ ಬಹುಮಾನ ಕೊಟ್ಟು ಕಲಿಸುವ ವಿಧಾನವನ್ನೇ ಬಳಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಅದು ಮನೆಯವರಿಗೆ ಆಗದ ವಿದ್ಯೆಯೂ ಅಲ್ಲ. ಈಗ ನಾವು ಕುತ್ತಿಗೆಗೆ ಏನೂ ಹಾಕದೆ ಎದೆಯ ಹಾರ್ನೆಸ್ ತೊಡಿಸಿ, ಊಟಕ್ಕೆ ಮುಂಚೆ ಐದು ನಿಮಿಷ, ಬೇಯಿಸಿದ ಮೊಟ್ಟೆಯ ಚೂರು ಹಿಡಿದು ಕಲಿಸುತ್ತಿದ್ದೇವೆ. ಕುಳಿತ ಕ್ಷಣದಲ್ಲೇ ಚೂರು ಬಾಯಿಗೆ ಹೋಗಬೇಕು, ತಡವಾದರೆ ಯಾತಕ್ಕೆ ಸಿಕ್ಕಿತೆಂದು ನಾಯಿಗೆ ತಿಳಿಯುವುದಿಲ್ಲ. ಕರೆದಾಗ ಬಂದರೆ ಯಾವ ಕಾರಣಕ್ಕೂ ಬೈಯುವಂತಿಲ್ಲ. ‘ಸಿಟ್’ ಎಂಬ ಆಜ್ಞೆಯನ್ನೂ ಎತ್ತಿದ ಕೈಯನ್ನೂ ಬಿಟ್ಟೇಬಿಟ್ಟಿದ್ದೇವೆ, ಅವೆರಡೂ ಈಗ ಚಿಗರಿಗೆ ಏಟಿನ ಮುನ್ಸೂಚನೆಗಳು. ‘ಕುಂದ್ರು’ ಎನ್ನುತ್ತೇವೆ, ಕೂರುತ್ತದೆ. ಆದರೆ ಯಾರಾದರೂ ಗಂಡಸರು ಗೇಟಿನ ಹತ್ತಿರ ಕೈ ಎತ್ತಿದರೆ ಸಾಕು, ಇನ್ನೂ ಮಂಚದಡಿಗೆ ಹೋಗುತ್ತದೆ.

ನಮ್ಮಲ್ಲಿ ನಾಯಿ ತರಬೇತುದಾರ ಎಂದು ಬೋರ್ಡು ಹಾಕಿಕೊಳ್ಳಲು ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಿಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಅದರ 11ನೇ ಕಲಮಿನಡಿ ಮೊದಲ ಸಲದ ಅಪರಾಧಕ್ಕೆ ದಂಡ ಹೆಚ್ಚೆಂದರೆ ₹50. ಹೌದು, ಐವತ್ತೇ ರೂಪಾಯಿ. ಆತ ನಮ್ಮಿಂದ ತೆಗೆದುಕೊಂಡದ್ದರ ಮುಂದೆ ಅದು ಪಾರ್ಕಿಂಗ್ ಚೀಟಿಯ ದುಡ್ಡು. ಹಾಗಾಗಿ ನಾವು ಸೇವಾ ನ್ಯೂನತೆಯೆಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇವೆ, ಐದು ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಮೊದಲು ವಿಚಾರಿಸಬೇಕೆನ್ನುವವರಿಗೆ ಗ್ರಾಹಕರ ಸಹಾಯವಾಣಿ 1915 ಇದೆ.

‘ಒಳಗ ಹೋಗ್ರಿ’ ಎಂದವನನ್ನು ಅದೇ ಕ್ಷಣ ಗೇಟಿನ ಹೊರಗೆ ಕಳಿಸಿ. ಅವನ ಚೀಲ ತೆರೆಸಿ ಪಟ್ಟಿ, ಸರಪಳಿ ಯಾವುದಿದೆ ನೋಡಿ. ಅವನ ನಾಯಿ ಏನೆಲ್ಲ ಮಾಡುತ್ತದೆ ಎಂಬುದನ್ನು ನೋಡಿ ಹಣ ಕೊಡಬೇಡಿ. ವಾರವಾರಕ್ಕೆ ಕೊಡುತ್ತೇನೆ ಎನ್ನಿ, ಒಪ್ಪದಿದ್ದರೆ ಬಿಡಿ. ಈಗಾಗಲೇ ಕೊಟ್ಟವರು ಹಣ ಕಳಿಸಿದ್ದರ ಸ್ಕ್ರೀನ್‌ಶಾಟ್, ಅವನ ವಾಟ್ಸ್‌ಆ್ಯಪ್ ಸಂದೇಶಗಳು, ಪಶುವೈದ್ಯರ ಚೀಟಿ ಮೂರನ್ನೂ ಅಳಿಸದೆ ಇಟ್ಟುಕೊಳ್ಳಿ, ಆಯೋಗದಲ್ಲಿ ಕೇಳುವುದು ಅವನ್ನೇ.