ಪುಟ್ಟ ಊರಿನ ಪ್ರೇಮಕಥೆ: ಬಿಡಿ ಕಾದಂಬರಿಯೋ, ಸರಣಿಯೋ?

ಪುಟ್ಟ ಊರಿನಲ್ಲಿ ನಡೆಯುವ ಮಧುರ ಪ್ರೇಮಕಾದಂಬರಿ ಓದಬೇಕು ಅಂದುಕೊಂಡಿದ್ದೀರಾ? ಬಿಡಿಯಾಗಲಿ, ಸರಣಿಯಾಗಲಿ, ಇಲ್ಲಿ ಪ್ರೀತಿ ಸಾಮಾನ್ಯವಾಗಿ ಮುತ್ತಿನಾಚೆ ಹೋಗುವುದಿಲ್ಲ. ಕೊನೆಗೆ ಜೋಡಿ ಒಂದಾಗುತ್ತದೆ, ಆ ಭಯ ಬೇಡ.

ಬಿಡಿ ಕಾದಂಬರಿಯಲ್ಲಿ ಗಮನವೆಲ್ಲ ಆ ಇಬ್ಬರ ಮೇಲೆ. ಬೇಗ ಓದಿ ಮುಗಿಸಬಹುದು. ಆದರೆ ಊರು ಸುಮ್ನೆ ಹಿನ್ನೆಲೆಯಾಗಿ ಉಳಿದುಬಿಡಬಹುದು.

ಸರಣಿಯ ಸೊಗಸೇ ಬೇರೆ. ಹೆಚ್ಚಿನವುಗಳಲ್ಲಿ ಪ್ರತಿ ಪುಸ್ತಕಕ್ಕೂ ಹೊಸ ಜೋಡಿ, ಊರು ಮಾತ್ರ ಅದೇ. ಮೊದಲ ಪುಸ್ತಕದಲ್ಲಿ ಬೇಕರಿಯ ಗಲ್ಲಾದಲ್ಲಿ ಕೂತು ಎರಡೇ ಮಾತಾಡಿದ ಹುಡುಗಿ ಮೂರನೆಯದರಲ್ಲಿ ನಾಯಕಿಯಾಗಿಬಿಡುತ್ತಾಳೆ. ಹಳೆಯ ಜೋಡಿ ಮಗುವನ್ನೆತ್ತಿಕೊಂಡು ಎದುರಾದಾಗ ನೆಂಟರನ್ನು ಕಂಡಷ್ಟು ಖುಷಿ. ನನಗಂತೂ ಇದೇ ಜಾಸ್ತಿ ಇಷ್ಟ. ಓದುತ್ತಾ ಓದುತ್ತಾ ಊರಿನ ಮೇಲೇ ಪ್ರೀತಿ ಹುಟ್ಟುತ್ತದೆ, ಅಲ್ವಾ? ಮಧ್ಯದಿಂದ ಶುರುಮಾಡಿದರೂ ಕಥೆ ಅರ್ಥವಾಗುತ್ತದೆ. ಯಾರು ಯಾರನ್ನು ಮದುವೆಯಾದರು ಎಂಬುದು ಮಾತ್ರ ಮೊದಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಒಂದನೆಯದರಿಂದಲೇ ಹಿಡಿಯಿರಿ. ನಾಲ್ಕೈದರ ಹೊತ್ತಿಗೆ ಜಗಳ, ರಾಜಿ ಎಲ್ಲ ಒಂದೇ ಥರ ಅನ್ನಿಸಿದರೆ ನಡುವೆ ಬೇರೇನಾದರೂ ಓದಿ ಬನ್ನಿ.

ಈ ಬಗೆಯನ್ನು ಮೊದಲ ಸಲ ಓದುವವರಿಗೆ ಬಿಡಿ ಕಾದಂಬರಿಯೇ ಸರಿ. ಅದು ಮುಗಿದ ಮೇಲೂ ಊರಿನವರ ಹರಟೆ ಬೇಕು ಅನ್ನಿಸಿತಾ? ಸರಣಿ ತೆಗೆದುಕೊಳ್ಳಿ.